ತೋಟಿಯ ತಮ್ಮ ಎಲ್ಲಿ ಹೋದ? ರೆಕಾರ್ಡ್ ರೂಮಿನ ಬೀಗದಕೈ ಇಟ್ಟುಕೊಂಡವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ಎಲ್ಲ ತಾಲ್ಲೂಕು ಕಚೇರಿಗಳ ತಹಶೀಲ್ದಾರರು, ಶಿರಸ್ತೇದಾರರು ಮತ್ತು ರೆಕಾರ್ಡ್ ಕೀಪರುಗಳಿಗೆ,
ಹಾಗೂ ಅವರ ಮೇಲೆ ಕೂತು ಆದೇಶ ಹೊರಡಿಸುವವರಿಗೆ.

ವಿಷಯ: 1878ರಲ್ಲಿ ಊರು ಬಿಟ್ಟ ಒಬ್ಬ ಕೂಲಿಯಾಳಿನ ಮನೆತನದ ಕಡತ ಸಿಗದಿರುವ ಬಗ್ಗೆ.
ಉಲ್ಲೇಖ: ನಿಮ್ಮಲ್ಲೊಂದು ಕಚೇರಿ ನನಗೆ ಕೊಟ್ಟ ನಾಲ್ಕು ಸಾಲಿನ ಹಿಂಬರಹ.

ಮಾನ್ಯರೇ,

ವಿಷಯ, ಉಲ್ಲೇಖ ಹಾಕದೆ ಪತ್ರ ಬರೆಯೋದು ನನಗೆ ಬರುವುದಿಲ್ಲ. 33 ವರ್ಷ ಇದೇ ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿದ್ದೆ. ಅದರಲ್ಲಿ ನಾಲ್ಕು ವರ್ಷ ರೆಕಾರ್ಡ್ ರೂಮಿನಲ್ಲಿ. ಹಾಗಾಗಿ ಈ ದೂರು ಹೊರಗಿನವನದ್ದಲ್ಲ. ನಿಮ್ಮ ಕಚೇರಿಯ ಧೂಳು ಎಂಥದ್ದು, ಇಲಿ ಯಾವ ಮೂಲೆಯಿಂದ ಬರುತ್ತೆ, 'ಕಡತ ಲಭ್ಯವಿಲ್ಲ' ಅಂತ ಬರೆಯೋಕೆ ಎಷ್ಟು ನಿಮಿಷ ಸಾಕು ಅನ್ನೋದೆಲ್ಲ ನನಗೆ ಗೊತ್ತು. ನಾನೂ ಬರೆದಿದ್ದೇನೆ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಪರಿಚಿತರೊಬ್ಬರು ದಕ್ಷಿಣ ಆಫ್ರಿಕಾದ ಡರ್ಬನ್ನಿನ ಒಬ್ಬ ಹೆಂಗಸಿನ ಇ-ಮೇಲನ್ನು ನನಗೆ ದಾಟಿಸಿದರು. ಆಯಮ್ಮ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ತಂದೆಯ ಮುತ್ತಾತ ನಮ್ಮ ಮೈಸೂರು ಸೀಮೆಯಿಂದ ಹೋದವನು ಅನ್ನೋದಕ್ಕೆ ಅವರ ಬಳಿ ಕಾಗದ ಇತ್ತು. ಊರು ಯಾವುದು ಅನ್ನೋದು ಮಾತ್ರ ಗೊತ್ತಿರಲಿಲ್ಲ. "ನೀವು ಹಳೇ ಕಾಗದ ಓದುವವರಂತೆ, ಇದನ್ನು ಓದಿ ಕೊಡ್ತೀರಾ?" ಅಂತ ಕೇಳಿದ್ದರು. ನಾನೂ ಸುಮ್ನೆ ಕುತೂಹಲಕ್ಕೆ ಹೂಂ ಅಂದೆ.

ಅವರು ಕಳಿಸಿದ್ದು ಹಡಗಿನ ಪಟ್ಟಿಯ ಒಂದು ಸಾಲು. ಓದಿ ನಾನು ದಂಗಾದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬ್ರಿಟಿಷರ ನೇಟಾಲ್ ವಸಾಹತಿನ ಕಬ್ಬಿನ ತೋಟಗಳಿಗೆ ಇಲ್ಲಿಂದ ಆಳುಗಳನ್ನು ಕರಾರಿನ ಮೇಲೆ ಒಯ್ಯುತ್ತಿದ್ದರು. 'ಟ್ರೂರೋ' ಅನ್ನೋ ಮೊದಲ ಹಡಗು ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅದರಲ್ಲಿ 342 ಜನ ಇದ್ದರು. 1911ರ ಹೊತ್ತಿಗೆ ಹಾಗೆ ಹೋದವರು 1,52,184. ಕರಾರು ಐದು ವರ್ಷದ್ದು. ಸಂಬಳ ಮೊದಲ ವರ್ಷ ತಿಂಗಳಿಗೆ 10 ಷಿಲಿಂಗ್, ಆಮೇಲೆ ವರ್ಷಕ್ಕೊಂದು ಷಿಲಿಂಗ್ ಜಾಸ್ತಿ. ಈ ಕರಾರನ್ನು, ಅಂದರೆ ಅಗ್ರಿಮೆಂಟನ್ನು, ಹೋದವರು 'ಗಿರ್ಮಿಟ್' ಅಂದರು. ನಮ್ಮ ಹುಬ್ಬಳ್ಳಿ ಕಡೆ ಗಿರ್ಮಿಟ್ ಅಂದರೆ ಸಂಜೆ ಹೊತ್ತು ಮೆಣಸಿನಕಾಯಿ ಬಜ್ಜಿ ಜೊತೆ ತಿನ್ನೋ ಚುರುಮುರಿ. ಆಯಮ್ಮನಿಗೆ ಅದನ್ನು ಹೇಳಿದಾಗ ಅರ್ಧ ನಿಮಿಷ ನಕ್ಕರು. ಆಮೇಲೆ ಸುಮ್ಮನಾದರು.

ಈಗ ಆ ಸಾಲಿಗೆ ಬರುತ್ತೇನೆ. ಕಾಲೊನಿಯಲ್ ನಂಬರ್ ಅಂತ ಒಂದು ಸಂಖ್ಯೆ. ಅವನ ಹೆಸರು, ಅಪ್ಪನ ಹೆಸರು. ವಯಸ್ಸು 22. ಜಾತಿ. ಜಿಲ್ಲೆಯ ಕಲಂನಲ್ಲಿ 'ಮೈಸೂರು', ಆಮೇಲೆ ಠಾಣೆ, ಆಮೇಲೆ ಹಳ್ಳಿ. ಕೊನೆಗೆ ಮೈಮೇಲಿನ ಗುರುತು: ಎಡ ಮೊಣಕಾಲ ಕೆಳಗೆ ಗಾಯದ ಕಲೆ. ಅವನು ಯಾವ ತೋಟಕ್ಕೆ ಹೋದ, ಯಾವ ಹಡಗಲ್ಲಿ ಬಂದವಳನ್ನು ಮದುವೆಯಾದ, ಎಂದು ಸತ್ತ ಅನ್ನೋದನ್ನೂ ಅದೇ ನಂಬರ್ ಹಿಡಿದು ಆಯಮ್ಮ ಅಲ್ಲಿನ ದಾಖಲೆಗಳಲ್ಲಿ ಹುಡುಕಿಕೊಂಡಿದ್ದರು. 140 ವರ್ಷಕ್ಕೂ ಹಿಂದಿನ ಒಬ್ಬ ಕೂಲಿಯವನ ಕಾಲಿನ ಕಲೆ ಅಲ್ಲಿ ಭದ್ರವಾಗಿದೆ.

ಅದು ಅವನ ಮೇಲಿನ ಪ್ರೀತಿಯಿಂದ ಬರೆದಿಟ್ಟದ್ದಲ್ಲ, ಒಪ್ಪುತ್ತೇನೆ. ಆಳು ತಪ್ಪಿಸಿಕೊಂಡರೆ ಹಿಡಿಯೋದಕ್ಕೆ ಗುರುತು ಬೇಕಿತ್ತು. ಸಂತೆಯಲ್ಲಿ ಎತ್ತಿನ ಸುಳಿ ನೋಡುತ್ತಾರಲ್ಲ, ಹಾಗೆ. ಆದರೆ ಬರೆದದ್ದನ್ನು ಅವರು ಉಳಿಸಿದರು. ಈಗ ಆ ಪಟ್ಟಿಗಳನ್ನು ಕಂಪ್ಯೂಟರಿಗೂ ಏರಿಸಿದ್ದಾರೆ. ಮಾರಿಷಸ್‌ನವರಂತೂ ಇಂಥ ಕೂಲಿಗಳು ಹಡಗಿನಿಂದ ಇಳಿದ ಕಟ್ಟೆಯನ್ನೇ ಕಾಪಾಡಿಕೊಂಡು ಬಂದರು. ಅಪ್ರವಾಸಿ ಘಾಟ್ ಅನ್ನೋ ಆ ಜಾಗ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2015ರಲ್ಲಿ ಅವರ ಕೂಲಿ ದಾಖಲೆಗಳಿಗೂ ಯುನೆಸ್ಕೊ ಮನ್ನಣೆ ಸಿಕ್ಕಿತು.

ಅಲ್ಲಿಗೆ ಅವರ ಕಡೆಯ ಕೆಲಸ ಮುಗಿಯಿತು. ಇನ್ನು ಉಳಿದದ್ದು ನಮ್ಮ ಕಡೆಯದು.

ಹಳ್ಳಿಯ ಹೆಸರು ಬಿಡಿಸೋಕೆ ನನಗೆ ಎರಡು ತಿಂಗಳು ಹಿಡಿಯಿತು. ಆ ಹುಡುಗ ಕನ್ನಡದಲ್ಲಿ ಹೇಳಿದ್ದನ್ನು ಮದ್ರಾಸಿನ ಡಿಪೋದಲ್ಲಿ ಕೂತಿದ್ದ ಗುಮಾಸ್ತ ತಮಿಳಿನ ಕಿವಿಯಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ತಮಿಳು ಬರಹದಲ್ಲಿ ಕ-ಗ, ಪ-ಬ ಬೇರೆ ಬೇರೆ ಅಕ್ಷರ ಇಲ್ಲ. ಕೊನೆಗೆ ಒಂದು 'ಮ್' ಸೇರಿಸೋದು ಅವರಿಗೆ ಅಭ್ಯಾಸ. ಸುಮ್ನೆ ಉದಾಹರಣೆಗೆ ಹೇಳ್ತೀನಿ, ನಮ್ಮ ಬೊಮ್ಮಸಂದ್ರ ಅಂಥವನ ಕೈಯಲ್ಲಿ 'ಪೊಮ್ಮಸುಂದ್ರಮ್' ಆಗಿಬಿಡಬಹುದು. ನಾವು ಹುಡುಕುತ್ತಿದ್ದ ಊರೂ ಒಂದು 'ಸಂದ್ರ'ವೇ. ಸಂದ್ರ ಅಂದರೆ ಸಮುದ್ರ, ಅಂದರೆ ಕೆರೆ. ಬೆಂಗಳೂರು, ಕೋಲಾರ ಕಡೆ ಕಲ್ಲು ಎಸೆದರೆ ಒಂದು ಸಂದ್ರಕ್ಕೆ ಬೀಳುತ್ತೆ. ಊರಿನ ಮತ್ತು ತಾಲ್ಲೂಕಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆ ಅನ್ನೋದು ಮುಂದೆ ತಿಳಿಯುತ್ತೆ.

ಈಗಿನ ಪಟ್ಟಿಗಳಲ್ಲಿ ಆ ಹೆಸರಿನ ಊರೇ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಬೇಚರಾಕ್ ಗ್ರಾಮಗಳ ಪಟ್ಟಿಯಲ್ಲಿ. ಓದುಗರಲ್ಲಿ ಕಂದಾಯದ ಭಾಷೆ ಗೊತ್ತಿಲ್ಲದವರಿಗೆ: ಬೇಚರಾಕ್ ಅಂದರೆ ದೀಪ ಇಲ್ಲದ್ದು. ಲೆಕ್ಕದಲ್ಲಿ ಗ್ರಾಮ, ಸರ್ವೆ ನಂಬರ್ ಎಲ್ಲಾ ಇರುತ್ತೆ, ಜನ ಇರೋದಿಲ್ಲ.

ಯಾಕೆ ಜನ ಇಲ್ಲ ಅನ್ನೋದನ್ನು ಊಹಿಸೋದು ಕಷ್ಟವಲ್ಲ. ಅವನು ಹಡಗು ಹತ್ತಿದ್ದು 1878ರಲ್ಲಿ. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ಆಗಷ್ಟೇ ಮೈಸೂರು ಸೀಮೆಯನ್ನು ತಿಂದು ಹಾಕಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50.55 ಲಕ್ಷ. 1881ರಲ್ಲಿ 41.86 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಜಾಸ್ತಿ ಇಳಿದಿದೆ. ಸತ್ತವರು ಸತ್ತರು, ಕಾಲಿದ್ದವರು ನಡೆದರು. ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ 1864ರಲ್ಲೇ ರೈಲು ಬಂದಿತ್ತು. ಜೋಲಾರ್‌ಪೇಟೆ ದಾಟಿದರೆ ಮದ್ರಾಸು, ಮದ್ರಾಸಿನಲ್ಲಿ ಆಳು ಸೇರಿಸುವವರು. 22 ವರ್ಷದ ಆ ಹುಡುಗ ಗಂಜಿ ಕೇಂದ್ರದಿಂದ ಹಡಗಿನವರೆಗೆ ಹೀಗೇ ಹೋಗಿರಬೇಕು. ರೈಲಿನ ಟಿಕೆಟ್ಟನ್ನು ಯಾರೂ ಎತ್ತಿಟ್ಟಿಲ್ಲ, ಇದು ನನ್ನ ಅಂದಾಜು.

ಈಗ ದೂರಿಗೆ ಬರುತ್ತೇನೆ.

ಊರು ಸಿಕ್ಕಿತು, ಇನ್ನು ಮನೆತನ ಸಿಗಬೇಕಿತ್ತು. ಜಮೀನಿದ್ದವನಾಗಿದ್ದರೆ ಸುಲಭ ಇತ್ತು. ಹಳೇ ಪಹಣಿ, ಖೇತ್ವಾರು, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಅನ್ನೋ ಜಮೀನಿನ ಲೆಕ್ಕದ ಪುಸ್ತಕಗಳನ್ನು ಹಿಡಿದು ಹಿಂದಕ್ಕೆ ಹೋಗಬಹುದು. ಕೂಲಿಯವನ ಹೆಸರು ಇದರಲ್ಲಿ ಯಾವುದರಲ್ಲೂ ಬರೋದಿಲ್ಲ. ಹಡಗಿನ ಪಟ್ಟಿಯ ಜಾತಿ ಕಲಂನಲ್ಲಿ ಇದ್ದದ್ದು ಮದ್ರಾಸಿನ ಕಡೆ ಆಗ ಅಸ್ಪೃಶ್ಯರಿಗೆ ಬಳಸುತ್ತಿದ್ದ ಪದ. ಆಯಮ್ಮ ಅದನ್ನು ನನಗೆ ಹೇಳೋಕೆ ಹಿಂದೆಮುಂದೆ ನೋಡಿದ್ದರು. ನನಗೆ ಮಾತ್ರ ಅದರಲ್ಲೇ ದಾರಿ ಕಂಡಿತು. ಯಾಕೆಂದರೆ ನಮ್ಮ ಹಳ್ಳಿಗಳಲ್ಲಿ ಊರ ಚಾಕರಿಯ ತೋಟಿ, ಕಾವಲಿನ ತಳವಾರ, ಕೆರೆ ನೀರು ಬಿಡುವ ನೀರಗಂಟಿ, ಇಂಥ ಕೆಲಸ ಎಷ್ಟೋ ಕಡೆ ಆ ಜನರದ್ದೇ, ಮತ್ತು ಆ ಕೆಲಸಕ್ಕೆ ಪ್ರತಿಯಾಗಿ ಅವರಿಗೆ ಒಂದಿಷ್ಟು ಇನಾಂ ಜಮೀನು ಇರುತ್ತಿತ್ತು. ಅದಕ್ಕೆ ರಿಜಿಸ್ಟರ್ ಇರುತ್ತಿತ್ತು. ಬಡವನ ಹೆಸರು ಸರ್ಕಾರದ ಪುಸ್ತಕದಲ್ಲಿ ಹತ್ತಿದ್ದರೆ ಜಾಸ್ತಿ ಪಾಲು ಅಲ್ಲೇ.

1961ರ ಕಾಯ್ದೆ ಬಂದು, 1963ರ ಫೆಬ್ರವರಿ 1ರಿಂದ ಶಾನುಭೋಗಿಕೆ, ಪಟೇಲಿಕೆ, ತೋಟಿಕೆ ಎಲ್ಲ ರದ್ದಾದವು. ಇನಾಂ ಜಮೀನನ್ನು ಆ ಮನೆತನದವರಿಗೇ ರೀಗ್ರ್ಯಾಂಟ್, ಅಂದರೆ ಮರುಮಂಜೂರು, ಮಾಡೋಕೆ ಅವಕಾಶ ಇತ್ತು. ಅದಕ್ಕೆ ಅರ್ಜಿ ಹಾಕುವವನು ತನ್ನ ವಂಶವೃಕ್ಷ ಬರೆದು ಕೊಡಬೇಕಿತ್ತು. ಮೂಲಪುರುಷನಿಂದ ಹಿಡಿದು ಯಾರಿಗೆ ಎಷ್ಟು ಮಕ್ಕಳು, ಯಾರು ಸತ್ತರು, ಯಾರು ದೇಶಾಂತರ ಹೋದರು, ಎಲ್ಲಾ. ಓದು ಬಾರದ ಮನೆಗಳ ನಾಲ್ಕೈದು ತಲೆಮಾರು ಕಾಗದಕ್ಕೆ ಇಳಿದದ್ದು ಎಷ್ಟೋ ಕಡೆ ಅದೇ ಮೊದಲು. ನಿಮ್ಮ ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿರುವ ಆ ಗಂಟುಗಳ ಬೆಲೆ ಏನು ಅಂತ ಒಂದ್ಸಲ ಯೋಚಿಸಿ.

ನಾನೇ ಅರ್ಜಿ ಹಾಕಿದೆ. ಆಯಮ್ಮ ಹಾಕುವಂತಿಲ್ಲ, ಮಾಹಿತಿ ಹಕ್ಕು ಇರೋದು ಭಾರತದ ನಾಗರಿಕರಿಗೆ ಮಾತ್ರ. ಕೌಂಟರಿನಲ್ಲಿ ಕೂತಿದ್ದ ಹುಡುಗ ಅರ್ಜಿ ಓದಿ ನನ್ನ ಮುಖ ನೋಡಿದ. "ಸಾರ್, ಜಮೀನು ಕ್ಲೇಮ್ ಮಾಡ್ತಾರಾ?"

"ಇಲ್ಲಪ್ಪ."

"ಮತ್ತೆ ಇದು ಯಾಕೆ?"

ನಿಜಕ್ಕೂ ಉತ್ತರ ಹೊಳೆಯಲಿಲ್ಲ. ನಮ್ಮ ಕಚೇರಿಗಳಿಗೆ ಬಂದವರೆಲ್ಲ ಜಮೀನಿಗೇ ಬಂದವರು ಅಂತ 33 ವರ್ಷ ನಾನೂ ಅಂದುಕೊಂಡಿದ್ದೆ.

ಮೂರು ಸಲ ಅಲೆದ ಮೇಲೆ ಒಬ್ಬ ಒಳ್ಳೆ ಮನುಷ್ಯ ಇಂಡೆಕ್ಸ್ ರಿಜಿಸ್ಟರ್ ತೆಗೆದು ತೋರಿಸಿದರು. ಬೆನ್ನು ಕಿತ್ತುಹೋದ ಪುಸ್ತಕ. ನೀಲಿ ಶಾಯಿ ಕಂದಾಗಿತ್ತು. ಆ ಸಂದ್ರದ ಹೆಸರು ಇತ್ತು. ತೋಟಿ ಇನಾಂ ರೀಗ್ರ್ಯಾಂಟ್, ಅರ್ಜಿದಾರನ ಹೆಸರು, ಒಟ್ಟು ಹಾಳೆ 46. ಷರಾ ಕಲಂನಲ್ಲಿ ಎರಡೇ ಪದ: 'ವಂಶವೃಕ್ಷ ಲಗತ್ತು'. ನನ್ನ ಕೈ ಸ್ವಲ್ಪ ನಡುಗಿತು ಅಂದರೆ ನಗಬೇಡಿ.

ಗಂಟು ಮಾತ್ರ ಇರಲಿಲ್ಲ. ಅದರ ಹಿಂದಿನ ನಂಬರಿನ ಗಂಟು ಇತ್ತು, ಮುಂದಿನದ್ದೂ ಇತ್ತು. ಒಂದು ತಿಂಗಳಾದ ಮೇಲೆ ಹಿಂಬರಹ ಬಂತು: "ಸದರಿ ಕಡತವು ಅಭಿಲೇಖಾಲಯದಲ್ಲಿ ಲಭ್ಯವಿಲ್ಲದ ಕಾರಣ ತಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ." ನಾಶ ಮಾಡಿದ್ದೋ, ಯಾರೋ ಎರವಲು ಪಡೆದು ವಾಪಸ್ ಕೊಡದ್ದೋ, ಬೇರೆ ತಾಲ್ಲೂಕು ಆದಾಗ ಅಲ್ಲಿಗೆ ಹೋದದ್ದೋ, ಒಂದೂ ಇಲ್ಲ. ಮೇಲ್ಮನವಿ ಹಾಕಿದೆ. ಅದಕ್ಕೆ ಬಂದ ಉತ್ತರದಲ್ಲಿ ಅದೇ ವಾಕ್ಯ, ಬೇರೆ ಸಹಿ.

ಇದನ್ನು ಬರೆಯುವಾಗ ನನ್ನದೂ ಒಂದು ವಿಷಯ ಹೇಳಿಬಿಡಬೇಕು. ನಾನು ಇನ್ನೊಂದು ತಾಲ್ಲೂಕಿನ ರೆಕಾರ್ಡ್ ರೂಮಿನಲ್ಲಿದ್ದಾಗ ಹಳೇ ಕಡತ ವಿಲೇವಾರಿ ಮಾಡಿ ಅಂತ ಆದೇಶ ಬಂತು. ಖಾಯಂ ಇಡಬೇಕಾದ್ದು ಯಾವುದು, ಅವಧಿ ಮುಗಿದದ್ದು ಯಾವುದು ಅಂತ ನೋಡಿ ಬೇರೆ ಮಾಡಬೇಕು. ನಾವು ಇಬ್ಬರಿದ್ದೆವು. ಜಾಗ ಬೇಕಿತ್ತು, ಹೊಸ ಕಪಾಟು ಬಂದಿತ್ತು. ಪಟ್ಟಿ ಮಾಡಿದೆವು, ಅರ್ಧ ಗಂಟುಗಳನ್ನು ಬಿಚ್ಚಿ ನೋಡಲೇ ಇಲ್ಲ. ಮೇಲಿನ ಚೀಟಿ ಓದಿ ಬರೆದೆವು. ತೂಕ ಹಾಕಿ ಒಂದು ಟೆಂಪೊ ತುಂಬಿಸಿ ಕಳಿಸಿದೆವು. ಆ ಪಟ್ಟಿಯ ಪ್ರತಿ ಹಾಳೆಯ ಕೆಳಗೂ ನನ್ನ ಸಹಿ ಇದೆ. ಅದರಲ್ಲಿ ಎಷ್ಟು ವಂಶವೃಕ್ಷ ಇದ್ದವೋ ದೇವರೇ ಬಲ್ಲ. ಅವತ್ತು ಸಂಜೆ ರೂಮು ಖಾಲಿಯಾಗಿ ಗಾಳಿ ಆಡಿದ್ದಕ್ಕೆ ಎಲ್ಲರೂ ಕಾಫಿ ಕುಡಿದೆವು.

ಆದ್ದರಿಂದ ನಿಮ್ಮಲ್ಲಿ ಯಾರನ್ನೂ ಕಟಕಟೆಗೆ ನಿಲ್ಲಿಸುವ ಅರ್ಹತೆ ನನಗಿಲ್ಲ. ಆದರೆ ಕೇಳುವ ಹಕ್ಕು ಇದೆ.

ಹೋದ ಡಿಸೆಂಬರಿನಲ್ಲಿ ಆಯಮ್ಮ ಬಂದರು. ಕಡತ ಸಿಕ್ಕಿಲ್ಲ, ಬಂದರೂ ಪ್ರಯೋಜನ ಇಲ್ಲ ಅಂದೆ. "ಜಾಗ ಇದೆಯಲ್ಲ" ಅಂದರು. ಮನೆಯಲ್ಲಿ ಅವರು ತೆಲುಗಿನವರು ಅಂತಲೇ ಬೆಳೆದವರು. ಆ ಹುಡುಗ ಮದುವೆಯಾದದ್ದು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತೆಲುಗು ಹೆಣ್ಣನ್ನು. ಮಕ್ಕಳು ತಾಯಿಯ ಭಾಷೆ ಕಲಿತರು, ಮೊಮ್ಮಕ್ಕಳು ಇಂಗ್ಲಿಷ್ ಕಲಿತರು. "ಅಜ್ಜಿಯನ್ನು ಅವ್ವ ಅಂತಿದ್ದೆವು, ಅದು ಕನ್ನಡ ಅಲ್ವಾ?" ಅಂತ ಆಸೆಯಿಂದ ಕೇಳಿದರು. ತೆಲುಗಿನಲ್ಲೂ ಅಜ್ಜಿಗೆ ಅವ್ವ ಅಂತಾರಮ್ಮ ಅಂದೆ. ಹೇಳದೇ ಇರಬಹುದಿತ್ತು. ಆದರೆ ದಾಖಲೆಯ ಕೆಲಸ ಮಾಡಿದವನಿಗೆ ಸುಳ್ಳು ಸಾಕ್ಷಿ ಒಪ್ಪಿಕೊಳ್ಳೋಕೆ ಆಗಲ್ಲ. ಡಿಎನ್ಎ ಪರೀಕ್ಷೆಯನ್ನೂ ಮಾಡಿಸಿದ್ದರು. ಸಿಕ್ಕ ನೆಂಟರೆಲ್ಲ ಡರ್ಬನ್ನಿನವರೇ. ನಮ್ಮ ಹಳ್ಳಿಯ ಕಾಲೊನಿಯಲ್ಲಿ ಯಾರು ಆ ಪರೀಕ್ಷೆಗೆ ದುಡ್ಡು ಕೊಟ್ಟು ಕೂತಿರ್ತಾರೆ?

ಆ ಜಾಗವನ್ನು ಸುತ್ತಲಿನವರು ಹಾಳೂರು ಅಂತಾರೆ. ಕಾರು ಅರ್ಧ ಮೈಲಿ ಹಿಂದೆಯೇ ನಿಂತಿತು. ಐದಾರು ಹುಣಸೆ ಮರ, ಮುಚ್ಚಿಹೋದ ಬಾವಿ, ಅರಿಸಿನ ಬಳಿದ ಒಂದು ಮಾರಿ ಕಲ್ಲು. ಬೇರೇನೂ ಇಲ್ಲ. ಮೇಕೆ ಮೇಯಿಸುತ್ತಿದ್ದವನನ್ನು ಕೇಳಿದೆ. ತೋಟಿ ಮನೆಗಳು ಇದ್ದದ್ದು ಹಳ್ಳದ ಆಚೆ ಅಂದ. ಆಚೆ ದಾಟಿದೆವು. ಅಲ್ಲಿ ಒಂದು ಹಾಸುಬಂಡೆ. ಅದರಲ್ಲಿ ಮೂರು ಒಳಕಲ್ಲಿನ ಕುಳಿ. ಕುಟ್ಟಿ ಕುಟ್ಟಿ ಒಳಗೆಲ್ಲ ನುಣುಪಾಗಿದ್ದವು. ಒಂದರಲ್ಲಿ ಮಳೆನೀರು ನಿಂತು ಗೊದಮೊಟ್ಟೆ ಆಡುತ್ತಿದ್ದವು. ಆಯಮ್ಮ ಕೂತು, ತೋಳು ಮಡಚಿ, ಒಣಗಿದ್ದ ಕುಳಿಯೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಆ ಬಾವಿಯಲ್ಲಿ ಇವರಿಗೆ ನೀರು ಕೊಡ್ತಿದ್ದರಾ?" ನಾನು ಹಳ್ಳ ತೋರಿಸಿದೆ.

ಪಕ್ಕದ ಊರಿನ ಕಾಲೊನಿಯಲ್ಲಿ ಒಬ್ಬ ಯಜಮಾನರು ಸಿಕ್ಕಿದರು. 84 ವರ್ಷ. ತಮ್ಮ ಹಿರಿಯರು ಹಾಳೂರಿನ ತೋಟಿಗಳು ಅಂದರು. ಇಂಡೆಕ್ಸಿನಲ್ಲಿ ನೋಡಿದ್ದ ಅರ್ಜಿದಾರನ ಹೆಸರು ಹೇಳಿದೆ. "ನಮ್ಮಪ್ಪ ಸ್ವಾಮಿ" ಅಂದರು! ನಾನು ಕೂತಲ್ಲೇ ನೆಟ್ಟಗಾದೆ. "ಹಿಂದೆ ನಿಮ್ಮ ಮನೇಲಿ ಯಾರಾದ್ರೂ ಊರು ಬಿಟ್ಟು ಹೋಗಿದ್ರಾ?" ಅಂತ ಕೇಳಿದೆ. "ನಮ್ ತಾತನ ಚಿಕ್ಕಪ್ಪ ಒಬ್ಬ ಬರದಾಗೆ ಹೋದೋನು ಬರ್ಲೇ ಇಲ್ವಂತೆ. ಅಣ್ಣ ತೋಟಿಕೆ ಮಾಡ್ಕಂಡು ಉಳ್ಕಂಡ, ತಮ್ಮ ಹೋದ. ಅಷ್ಟೇ ಗೊತ್ತು." ಆ ತಮ್ಮನ ಹೆಸರು? ಗೊತ್ತಿಲ್ಲ. ಅಣ್ಣ-ತಮ್ಮಂದಿರ ಅಪ್ಪನ ಹೆಸರು? "ಅದೆಲ್ಲ ನಮ್ಮಪ್ಪಂಗೆ ಗೊತ್ತಿತ್ತು ಸ್ವಾಮಿ. ಆಗ ತಾಲ್ಲೂಕಾಪೀಸಲ್ಲಿ ಬರೆಸ್ಕೊಟ್ಟಿದ್ನಲ್ಲ."

ಆ ಕಾಗದ ಬೇಕು ಅಂತ ತಾನೇ ನಾವು ಅಲೆದದ್ದು.

ಹಡಗಿನ ಪಟ್ಟಿಯಲ್ಲಿ ಅಪ್ಪನ ಹೆಸರಿದೆ. ಕಳೆದುಹೋದ ಕಡತದಲ್ಲಿ ಮೂಲಪುರುಷನ ಹೆಸರಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ನಿಮಿಷದ ಕೆಲಸ. ಎರಡೂ ಒಂದೇ ಆಗಿದ್ದರೆ ಆ ಯಜಮಾನರೂ ಈ ಹೆಂಗಸೂ ಒಂದೇ ಬಳ್ಳಿಯವರು. ಬೇರೆಯಾಗಿದ್ದರೆ ಅಲ್ಲ. ದೊಡ್ಡ ಬರದಲ್ಲಿ ಹೋಗಿ ಬಾರದವರು ಆ ಕಡೆ ಎಷ್ಟೋ ಮನೆಯಲ್ಲಿ ಇದ್ದಾರೆ. ಕಥೆ ಹೊಂದಿದ ಮಾತ್ರಕ್ಕೆ ನೆಂಟರಾಗಲ್ಲ. ಹಾಗಾಗಿ ಇಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎದುರುಬದುರು ಕೂತರು, ಟೀ ಕುಡಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ನಡುವೆ ನಾನು. ಹೊರಡುವಾಗ ಯಜಮಾನರು ಅವರ ಕೈ ಹಿಡಿದು "ನಮ್ಮೋರೇ ಇದ್ದಂಗೆ ಅವರೆ, ಬಾಯಿಬಿಟ್ಟು ಹೇಳೋಂಗಿಲ್ಲ" ಅಂದರು. ಅವರ ಮೊಮ್ಮಗ ನನ್ನನ್ನು ಪಕ್ಕಕ್ಕೆ ಕರೆದ. "ಸಾರ್, ತಪ್ಪು ತಿಳ್ಕೋಬೇಡಿ. ಇದರಿಂದ ನಮ್ಮ ಎರಡೆಕರೆಗೆ ಏನಾದ್ರೂ ತೊಂದರೆ ಆಗುತ್ತಾ?" ಇಲ್ಲ ಅಂತ ಮಾತು ಕೊಟ್ಟು ಬಂದೆ. ಊರಿನ ಹೆಸರು ಬರೆಯದೇ ಇರೋದು ಅದಕ್ಕೇ.

2017ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಪ್ರವಾಸಿ ಭಾರತೀಯ ದಿವಸ ನಡೆದದ್ದು ನಿಮಗೆ ನೆನಪಿರಬಹುದು. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ 1915ರ ಜನವರಿ 9ಕ್ಕೆ ವಾಪಸ್ ಬಂದ ನೆನಪಿಗೆ ಮಾಡುವ ದಿನ ಅದು. ಗಿರ್ಮಿಟ್ ಕೂಲಿಗಳ ಮಕ್ಕಳುಮರಿಗಳಿಗೆ ಒಸಿಐ ಕಾರ್ಡ್ (ಹೊರದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಕಾರ್ಡು) ಸಿಗುವುದರಲ್ಲಿ ಇರುವ ತೊಡಕು ಬಿಡಿಸುತ್ತೇವೆ ಅಂತ ಪ್ರಧಾನಿಯವರು ಅದೇ ವೇದಿಕೆಯಲ್ಲಿ ಹೇಳಿದ್ದರು. ಒಳ್ಳೆಯದೇ. ಆದರೆ ಕೂಲಿಯ ಮರಿಮಗಳು ತನ್ನ ಊರು ಇದು ಅಂತ ತೋರಿಸಬೇಕಾದದ್ದು ಯಾವ ಕಾಗದದಿಂದ? ಬಂಡವಾಳ ಹೂಡೋಕೆ ಬಂದ ಅನಿವಾಸಿಗೆ ಏರ್‌ಪೋರ್ಟಿನಲ್ಲೇ ಹೂಗುಚ್ಛ ಸಿಗುತ್ತೆ. ಈಯಮ್ಮನಿಗೆ ಸಿಕ್ಕಿದ್ದು ಹಿಂಬರಹ, ಅದೂ ನನ್ನ ಹೆಸರಿಗೆ.

ಈಗ ನನ್ನ ಕೋರಿಕೆ.

ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದೀರಿ. ಇದು ನಿಜವಾಗಿಯೂ ದೊಡ್ಡ ಕೆಲಸ. ನಾನು ಸರ್ವಿಸಿನಲ್ಲಿದ್ದಾಗ ಕನಸಲ್ಲೂ ಯೋಚಿಸಿರಲಿಲ್ಲ. ಆದರೆ ಹೆಸರೇ ಹೇಳುವಂತೆ ಅದರ ಕಣ್ಣು ಭೂಮಿಯ ಮೇಲೆ. ರೇಟು ಜಾಸ್ತಿ ಇರುವ ಸರ್ವೆ ನಂಬರಿನ ಕಡತ ಮೊದಲು ಮೇಜಿಗೆ ಬರುತ್ತೆ, ಬೇಚರಾಕ್ ಗ್ರಾಮದ ತೋಟಿಯ ಗಂಟು ಕೊನೆಗೆ ಬರುತ್ತೆ, ಅಥವಾ ಬರೋದೇ ಇಲ್ಲ. ದಯವಿಟ್ಟು ತೋಟಿ, ತಳವಾರ, ನೀರಗಂಟಿ ಇನಾಂ ಕಡತಗಳನ್ನು ಮೊದಲ ಸಾಲಿಗೆ ತನ್ನಿ. ವಂಶವೃಕ್ಷ ಇದ್ದರೆ ಅದು ಇದೆ ಅನ್ನೋದನ್ನು ಸ್ಕ್ಯಾನಿನ ಹೆಸರಿನಲ್ಲೇ ಗುರುತು ಮಾಡಿ. ಇಲ್ಲದಿದ್ದರೆ 46 ಹಾಳೆಯ ನಡುವೆ ಅದು ಮತ್ತೆ ಕಳೆದುಹೋಗುತ್ತೆ, ಈ ಸಲ ಕಂಪ್ಯೂಟರಿನೊಳಗೆ.

ಇಂಡೆಕ್ಸ್ ರಿಜಿಸ್ಟರುಗಳನ್ನೂ ಸ್ಕ್ಯಾನ್ ಮಾಡಿಸಿ. ಕಡತ ಇಲ್ಲದಿದ್ದರೂ ಅದು ಒಂದು ಕಾಲದಲ್ಲಿ ಇತ್ತು ಅನ್ನೋದಕ್ಕೆ ಅದೊಂದೇ ಸಾಕ್ಷಿ. ಅದು ಹೋದರೆ 'ಲಭ್ಯವಿಲ್ಲ' ಅನ್ನೋದು 'ಇರಲೇ ಇಲ್ಲ' ಆಗಿಬಿಡುತ್ತೆ. ಸ್ಕ್ಯಾನ್ ಆಯಿತು ಅಂತ ಮೂಲ ಕಾಗದವನ್ನು ಟೆಂಪೊಗೆ ತುಂಬಿಸಬೇಡಿ. ತುಂಬಿಸಲೇಬೇಕಾದರೆ, ಏನೇನು ನಾಶ ಮಾಡುತ್ತಿದ್ದೀರಿ ಅಂತ ಮೂರು ತಿಂಗಳು ಮೊದಲೇ ನೋಟಿಸ್ ಬೋರ್ಡಿನಲ್ಲಿ ಹಾಕಿ. ನಮ್ಮ ಕಾಲದಲ್ಲಿ ಅಂಥದ್ದೊಂದು ಇದ್ದಿದ್ದರೆ ಯಾರಾದರೂ ಒಬ್ಬ ಮೇಷ್ಟ್ರು ಬಂದು ನನ್ನ ಕೈ ಹಿಡಿಯುತ್ತಿದ್ದರೇನೋ.

ಬೇಚರಾಕ್ ಗ್ರಾಮಗಳ ಪಟ್ಟಿಯನ್ನು ಹಳೇ ತಾಲ್ಲೂಕು, ಹಳೇ ಹೋಬಳಿ ಸಮೇತ ಎಲ್ಲರಿಗೂ ಸಿಗುವಂತೆ ಮಾಡಿ. ಡರ್ಬನ್, ಮಾರಿಷಸ್ ಕಡೆ ಹಡಗಿನ ಪಟ್ಟಿ ಹಿಡಿದು ಕೂತವರು 'ಮೈಸೂರು' ಅನ್ನೋ ಒಂದು ಪದದ ಮುಂದೆ ನಿಂತುಬಿಟ್ಟಿದ್ದಾರೆ. ಅವರು ಹುಡುಕುವ ಊರು ಎಷ್ಟೋ ಸಲ ಈಗ ಊರೇ ಅಲ್ಲ. ಹೊರದೇಶದ ಪ್ರಜೆಯಾದ ಮೊಮ್ಮಕ್ಕಳಿಗೂ ಅರ್ಜಿ ಹಾಕೋಕೆ ಒಂದು ದಾರಿ ಇರಲಿ. ಶುಲ್ಕ ತಗೊಳ್ಳಿ, ಯಾರೂ ಬೇಡ ಅನ್ನಲ್ಲ. ಇದರಿಂದ ಜಮೀನಿನ ಹಕ್ಕು ಹುಟ್ಟುವುದಿಲ್ಲ ಅಂತ ಆ ಫಾರಮ್ಮಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಆ ಮೊಮ್ಮಗನಂಥವರ ನಿದ್ದೆ ಕೆಡುವುದು ತಪ್ಪುತ್ತೆ. 'ಲಭ್ಯವಿಲ್ಲ' ಅಂತ ಬರೆಯುವಾಗ ಯಾಕೆ ಇಲ್ಲ ಅಂತ ಒಂದು ಸಾಲು ಸೇರಿಸಿ. ಯಾಕೆ ಅಂತ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಅಂತಲೇ ಬರೆಯಿರಿ.

ಈ ಪತ್ರ ಓದುವ ಹಳೇ ಶಾನುಭೋಗರ, ಪಟೇಲರ ಮನೆಯವರಲ್ಲೂ ಒಂದು ಮಾತು. ನಿಮ್ಮ ಅಟ್ಟದ ಮೇಲೆ ತಾತನ ಕಾಲದ ಕಡತಗಳು ಇರಬಹುದು. ಈಗ ನಾವು ಫೈಲಿಗೆ ಕಡತ ಅಂತೀವಿ. ಮೂಲದಲ್ಲಿ ಅದು ಹುಣಸೆಬೀಜದ ಅಂಟು, ಇದ್ದಿಲು ಬಳಿದ ಕಪ್ಪು ಬಟ್ಟೆಯ ಮಡಿಕೆ, ಬಳಪದಲ್ಲಿ ಬರೆಯುತ್ತಿದ್ದರು. ಸಂಕ್ರಾಂತಿಗೋ ಯುಗಾದಿಗೋ ಮನೆ ಗುಡಿಸುವಾಗ ಅದನ್ನು ಒಲೆಗೆ ಹಾಕಬೇಡಿ. ಒದ್ದೆ ಬಟ್ಟೆಯಲ್ಲಂತೂ ಒರೆಸಲೇಬೇಡಿ, ಬಳಪ ಅಳಿಸಿಹೋಗುತ್ತೆ. ಅದರಲ್ಲಿ ಯಾರದೋ ಮನೆಯ ತೋಟಿಗೆ ಎಷ್ಟು ರಾಗಿ ಕೊಟ್ಟರು ಅಂತ ಇರಬಹುದು. ಆ ತೋಟಿಯ ಹೆಸರೂ ಇರಬಹುದು.

ಆಯಮ್ಮ ಡರ್ಬನ್ನಿಗೆ ವಾಪಸ್ ಹೋಗಿದ್ದಾರೆ. ಯಜಮಾನರಿಗೆ ಹೋದ ತಿಂಗಳು ಕಾಲು ಊದಿತ್ತಂತೆ. ಆಯಮ್ಮ ಅಲ್ಲಿಂದಲೇ ಫೋಟೊ ತರಿಸಿಕೊಂಡು, ಉಪ್ಪು ಕಡಿಮೆ ಮಾಡಿ, ಮೊದಲು ಹತ್ತಿರದ ಡಾಕ್ಟರಿಗೆ ತೋರಿಸಿ ಅಂತ ನನ್ನ ಮೂಲಕ ಹೇಳಿಸಿದರು. ನೆಂಟರೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಯಜಮಾನರಿಗೆ 84. ಇದನ್ನು ಗಮನದಲ್ಲಿಟ್ಟುಕೊಂಡು ಆ ಕಡತವನ್ನು ಇನ್ನೊಂದು ಸಲ ಹುಡುಕಿಸಿ ಅಂತ ಬೇಡಿಕೊಳ್ಳುತ್ತೇನೆ. ಗಂಟು ಕಟ್ಟುವಾಗ ಪಕ್ಕದ ಹೋಬಳಿಯ ಗಂಟಿನೊಳಗೆ ಸೇರಿಕೊಂಡಿರೋದು ಎಷ್ಟೋ ಸಲ ನಡೆಯುತ್ತೆ. ನನ್ನನ್ನು ಒಳಗೆ ಬಿಟ್ಟರೆ ನಾನೇ ಬಂದು ಒಂದೊಂದೇ ಬಿಚ್ಚಿ ನೋಡುತ್ತೇನೆ. ಸಂಬಳ ಬೇಡ, ಮಾಸ್ಕ್ ನಾನೇ ತರ್ತೀನಿ.

ಕೊನೆಯದಾಗಿ, ಆ ಇಂಡೆಕ್ಸ್ ರಿಜಿಸ್ಟರಿನ ಎಡಬದಿ ಪೂರ್ತಿ ಬಿಟ್ಟುಕೊಂಡಿದೆ. ಆ ಹಾಳೆ ಈಗಲೋ ಆಗಲೋ ಅನ್ನುವಂತೆ ನೇತಾಡುತ್ತಿದೆ. ಯಾವ ಕಚೇರಿ ಅಂತ ಅಲ್ಲಿನವರಿಗೆ ಓದಿದ ಕೂಡಲೇ ಗೊತ್ತಾಗುತ್ತೆ. ಮೊದಲು ಅದನ್ನು ರಿಪೇರಿ ಮಾಡಿಸಿ. ಸೆಲ್ಲೊಟೇಪ್ ಹಚ್ಚಬೇಡಿ, ಎರಡು ವರ್ಷಕ್ಕೆ ಅಕ್ಷರ ಸಮೇತ ಹಳದಿಯಾಗಿ ಎದ್ದು ಬರುತ್ತೆ. ದಾರದಲ್ಲಿ ಹೊಲಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಥಮ ದರ್ಜೆ ಸಹಾಯಕ